ಅಪ್ಪನ ಪೆಂಟಾಕ್ಸ್ ಕೆ1000 ಕೆಳಗೆ ಬಿತ್ತು. ಏನೇನು ನೋಡಬೇಕು, ಯಾವುದಕ್ಕೆ ಕೈ ಹಾಕಬಾರದು?

ಮೂವತ್ತಾರನೇ ಫ್ರೇಮ್

ಎಲ್ಲರಿಗೂ ನಮಸ್ಕಾರ. ಅಪ್ಪ ಬಳಸುತ್ತಿದ್ದ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಕುತ್ತಿಗೆ ಪಟ್ಟಿ ಸಿಕ್ಕಿಸುವ ಚಿಕ್ಕ ರಿಂಗು ಸವೆದು ಬಾಯಿ ಬಿಟ್ಟು, ಕ್ಯಾಮೆರಾ ಎದೆಯ ಎತ್ತರದಿಂದ ನೇರ ಸಿಮೆಂಟ್ ನೆಲಕ್ಕೆ ಬಿತ್ತು.

ಈಗಿನ ಸ್ಥಿತಿ ಹೀಗಿದೆ. ಲೆನ್ಸ್ ಮುಂದಿದ್ದ ಯುವಿ ಫಿಲ್ಟರ್ ಒಡೆದಿದೆ, ಅದರ ಉಂಗುರ ಒಂದು ಕಡೆ ಒಳಕ್ಕೆ ನುಗ್ಗಿ ಕಚ್ಚಿಕೊಂಡಿದೆ. ಲೆನ್ಸಿನ ಗಾಜು ಮೇಲ್ನೋಟಕ್ಕೆ ಚೆನ್ನಾಗಿದೆ. ಎಡ ಮೂಲೆಯಲ್ಲಿ, ರೀಲು ಹಿಂದಕ್ಕೆ ಸುತ್ತುವ ಗುಂಡಿಯ ಪಕ್ಕ, ಮೇಲಿನ ತಗಡು ತಗ್ಗಾಗಿದೆ. ಆ ಗುಂಡಿ ತಿರುಗುತ್ತಿಲ್ಲ, ಮೇಲಕ್ಕೂ ಬರುತ್ತಿಲ್ಲ. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗಾಡುವುದಿಲ್ಲ. ವ್ಯೂಫೈಂಡರಿನಲ್ಲಿ ದೂರದ ಮರ ಸ್ಪಷ್ಟವಾಗಿ ಕಾಣುತ್ತಿಲ್ಲ, ಲೆನ್ಸನ್ನು ಕೊನೆಯವರೆಗೆ ತಿರುಗಿಸಿದರೂ ಅಷ್ಟೆ. ಶಟರ್ ಮಾತ್ರ ಹೊಡೆಯುತ್ತಿದೆ.

ಒಳಗೆ ಅರ್ಧ ತೆಗೆದ ರೀಲು ಇದೆ. ಅದರಲ್ಲಿ ಮನೆಯವರ ಚಿತ್ರಗಳಿವೆ. ಎಲ್ಲಿಂದ ಶುರು ಮಾಡಲಿ?

ಕತ್ತಲಕೋಣೆ

ಮೊದಲು ರೀಲು. ಕ್ಯಾಮೆರಾ ಎಲ್ಲೂ ಓಡಿ ಹೋಗಲ್ಲ.

ಹಿಂಬಾಗಿಲನ್ನು ಚಾಕು, ಸ್ಕ್ರೂಡ್ರೈವರ್ ಯಾವುದರಿಂದಲೂ ಮೀಟಬೇಡಿ. ಕೆ1000ನಲ್ಲಿ ಬಾಗಿಲು ತೆರೆಯುವುದೇ ಆ ಗುಂಡಿಯನ್ನು ಮೇಲಕ್ಕೆ ಎಳೆದಾಗ, ಹಾಗಾಗಿ ಗುಂಡಿ ಸಿಕ್ಕಿಕೊಂಡರೆ ಬಾಗಿಲೂ ಸಿಕ್ಕಿಕೊಂಡ ಹಾಗೆ. ಇದೀಗ ನಿಮಗೆ ಅದು ಒಳ್ಳೆಯದೇ. ಬೆಳಕು ಒಳಗೆ ಹೋಗಿರುವ ಸಾಧ್ಯತೆ ಕಡಿಮೆ.

ತಗ್ಗಾದ ತಗಡು ಗುಂಡಿಯ ಅಂಚಿಗೆ ಉಜ್ಜುತ್ತಿರಬೇಕು. ಹಳೆಯ ಪ್ಲಾಸ್ಟಿಕ್ ಕಾರ್ಡ್ ಒಂದನ್ನು ಗುಂಡಿಯ ಕೆಳಗೆ, ತಗಡಿನ ಮೇಲೆ ತೂರಿಸಿ ನೋಡಿ. ಕೂದಲೆಳೆಯಷ್ಟು ಜಾಗ ಸಿಕ್ಕರೂ ಸಾಕು. ಆಮೇಲೆ ಕ್ಯಾಮೆರಾದ ತಳದಲ್ಲಿರುವ ಸಣ್ಣ ಬಟನ್ ಒತ್ತಿ, ಆ ಗುಂಡಿಯ ಮೇಲಿನ ಹಿಡಿಯನ್ನು ಬಾಣದ ಗುರುತಿನ ಕಡೆಗೆ ನಿಧಾನವಾಗಿ ತಿರುಗಿಸಿ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತಾ ಹೋಗಿ. ಬಲ ಹಾಕಬೇಡಿ. ತಳದ ಬಟನ್ ಒತ್ತದೆ ತಿರುಗಿಸಿದರೆ ಫಿಲ್ಮಿನ ತೂತುಗಳು ಹರಿಯುತ್ತವೆ.

ಇದೂ ಆಗದಿದ್ದರೆ ಕ್ಯಾಮೆರಾ ಬಿಚ್ಚುವವರಿಗೆ "ಒಳಗೆ ರೀಲಿದೆ" ಎಂದು ಮೊದಲೇ ಹೇಳಿ. ಕಪ್ಪು ಚೀಲದೊಳಗೆ ಬಾಗಿಲು ತೆರೆದು, ಫಿಲ್ಮನ್ನು ಕೈಯಿಂದಲೇ ಡಬ್ಬಿಗೆ ಸುತ್ತಬಹುದು. ಡಬ್ಬಿಯ ಒಂದು ತುದಿಯಲ್ಲಿ ಚಾಚಿಕೊಂಡಿರುವ ಗುಬುಟನ್ನು ತಿರುಗಿಸಿದರೆ ಫಿಲ್ಮು ತಾನಾಗಿ ಒಳಗೆ ಹೋಗುತ್ತದೆ.

ಹಳೇಲೆನ್ಸ್

ಬೇಜಾರು ಮಾಡ್ಕೋಬೇಡಿ, ಆದರೆ ನೇರವಾಗಿ ಹೇಳುತ್ತೇನೆ. ಕೆ1000 1976ರಿಂದ 1997ರವರೆಗೆ ತಯಾರಾದ ಕ್ಯಾಮೆರಾ. ಇನ್ನೂ ಬೇಕಾದಷ್ಟು ಸಿಗುತ್ತವೆ. ಇನ್ನೊಂದು ಬಾಡಿ ತಂದು ನಿಮ್ಮ ಲೆನ್ಸ್ ಹಾಕಿಕೊಂಡರೆ ಕೆಲಸ ಮುಗೀತು. ಬಿದ್ದದ್ದನ್ನು ಶೋಕೇಸಿನಲ್ಲಿ ಇಡಿ.

ಮೂವತ್ತಾರನೇ ಫ್ರೇಮ್

ಹಳೇಲೆನ್ಸ್ ಅವರೇ, ನೀವು ಹೇಳುವುದು ಲೆಕ್ಕಕ್ಕೆ ಸರಿ. ಆದರೆ ನನಗೆ ಕೆ1000 ಬೇಕಾಗಿಲ್ಲ, ಈ ಕೆ1000 ಬೇಕು. ಹೆಬ್ಬೆರಳು ಕೂರುವ ಜಾಗದಲ್ಲಿ ಕಪ್ಪು ಚರ್ಮದ ಹೊದಿಕೆ ನುಣುಪಾಗಿ ಸವೆದಿದೆ. ಅದು ಅಪ್ಪನ ಕೈ.

ಸ್ಕ್ರೂಡ್ರೈವರ್

ಇನ್ನೊಂದು ಬಾಡಿ ತರುವುದು ಕೆಟ್ಟ ಯೋಚನೆಯಲ್ಲ, ಆದರೆ ಬೇರೆ ಕಾರಣಕ್ಕೆ. ಕೆಟ್ಟು ನಿಂತ ಕೆ1000 ಒಂದು ಸಿಕ್ಕರೆ ಅದು ಬಿಡಿಭಾಗಗಳ ಡಬ್ಬಿ. ಗುಂಡಿಯ ದಂಡ ಬಾಗಿದ್ದರೆ ಅಲ್ಲಿಂದಲೇ ತೆಗೆದು ಹಾಕಬೇಕಾಗುತ್ತದೆ, ಹೊಸದು ಯಾರೂ ಮಾಡುವುದಿಲ್ಲ.

ಫಿಲ್ಟರ್ ಬಗ್ಗೆ. ಇಕ್ಕಳ ಹಾಕಿ ಹೊರಗಿನಿಂದ ಹಿಡಿದು ತಿರುಗಿಸುವುದು ಎಲ್ಲರೂ ಮಾಡುವ ಕೆಲಸ. ಮಾಡಬೇಡಿ. ಹಿಂಡಿದಷ್ಟೂ ಉಂಗುರ ಇನ್ನಷ್ಟು ಮೊಟ್ಟೆಯಾಕಾರ ಆಗಿ ಜಾಸ್ತಿ ಕಚ್ಚುತ್ತದೆ. ಮೊದಲು ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನ ಮುಚ್ಚಳ ಹಾಕಿ. ಮುಖ ಕೆಳಗೆ ಮಾಡಿ ಹಿಡಿದು ಗಾಜಿನ ಚೂರುಗಳನ್ನು ಬೀಳಿಸಿ. ಉಳಿದ ಪುಡಿಗೆ ಗಾಳಿ ಊದುವ ರಬ್ಬರ್ ಬುರುಡೆ ಸಾಕು. ಬಟ್ಟೆಯಿಂದ ಒರೆಸಿದರೆ ಆ ಪುಡಿಯೇ ಮುಂದಿನ ಗಾಜಿನ ಮೇಲೆ ಗೀರು ಎಳೆಯುತ್ತದೆ.

ಇನ್ನು ಉಂಗುರ. ರಬ್ಬರ್ ಸೋಲಿನ ಚಪ್ಪಲಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಲೆನ್ಸನ್ನು ಮುಖ ಕೆಳಗೆ ಮಾಡಿ ಒತ್ತಿ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಬಲ ಸುತ್ತಲೂ ಸಮನಾಗಿ ಬೀಳುತ್ತದೆ. ಬರದಿದ್ದರೆ ಮುಂದಿನ ಗಾಜಿಗೆ ದಪ್ಪ ಕಾಗದ ಕತ್ತರಿಸಿ ಮುಚ್ಚಿ, ಚೂಪು ಮೂಗಿನ ಇಕ್ಕಳದಿಂದ ಉಂಗುರವನ್ನು ಒಂದೇ ಜಾಗದಲ್ಲಿ ಹಿಡಿದು ಒಳಕ್ಕೆ, ಮಧ್ಯದ ಕಡೆಗೆ ಮಡಚಿ. ಫಿಲ್ಟರ್ ಹೇಗೂ ಹೋಗಿದೆ, ಅದನ್ನು ಉಳಿಸುವ ಆಸೆ ಬಿಡಿ. ಒಳಕ್ಕೆ ಕುಗ್ಗಿದರೆ ಮರೆ (ತಿರುಪಿನ ಸುತ್ತುಗೆರೆ) ಸಡಿಲವಾಗಿ ಕಳಚಿಕೊಳ್ಳುತ್ತದೆ.

ಮಿಣುಕು

ಮೀಟರಿಗೆ ಎಲ್‌ಆರ್44 ಸೆಲ್ ಒಂದು, ತಳದಲ್ಲಿ. ಹೊಸ ಸೆಲ್ ಹಾಕಿ ನೋಡಿದ್ದೀರಾ? ಮುಚ್ಚಳದ ಒಳಗೆ ಹಸಿರು ಕಿಲುಬು ಇದ್ದರೆ ಒಂದು ಹನಿ ವಿನೆಗರ್ ತಾಗಿಸಿದ ಹತ್ತಿ ಕಡ್ಡಿಯಿಂದ ಒರೆಸಿ ಒಣಗಿಸಿ. ಕೆ1000ನಲ್ಲಿ ಮೀಟರಿಗೆ ಬೇರೆ ಸ್ವಿಚ್ ಇಲ್ಲ. ಲೆನ್ಸ್ ಮುಚ್ಚಳ ತೆಗೆದರೆ ಅದು ಎದ್ದ ಹಾಗೆ.

ಮೀಟರ್ ಸತ್ತರೂ ಕ್ಯಾಮೆರಾ ಸಾಯಲ್ಲ ಅನ್ನೋದೇ ಇದರ ದೊಡ್ಡ ಗುಣ. ಶಟರಿನ ಎಲ್ಲಾ ವೇಗಗಳೂ ಸ್ಪ್ರಿಂಗು, ಗೇರುಗಳ ಮೇಲೆ ನಡೆಯುತ್ತವೆ. 100 ಐಎಸ್‌ಒ ಫಿಲ್ಮ್ ಇದ್ದರೆ ಚೆನ್ನಾದ ಬಿಸಿಲಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/16, ಶಟರ್ ವೇಗ 1/125 ಸೆಕೆಂಡು. 400 ಇದ್ದರೆ ಅದೇ ಎಫ್/16, 1/500. ಇಷ್ಟು ನೆನಪಿದ್ದರೆ ನೆರಳಿಗೆ ಕಿಂಡಿಯನ್ನು ಎರಡು ಮೂರು ಸ್ಟಾಪ್ (ಮೆಟ್ಟಿಲು) ತೆರೆದು ಅಂದಾಜಿನಲ್ಲೇ ನಡೆಸಬಹುದು.

ಮೂವತ್ತಾರನೇ ಫ್ರೇಮ್

ರೀಲು ಬಂತು! ಅಂದರೆ, ಡಬ್ಬಿಯೊಳಗೆ ಬಂತು. ಕಾರ್ಡ್ ತೂರಿಸಿದ ಮೇಲೆ ಹಿಡಿ ಕಿರಿಕಿರಿ ಶಬ್ದ ಮಾಡುತ್ತಾ ತಿರುಗಿತು. ಕೊನೆಗೆ ಒಮ್ಮೆಲೇ ಹಗುರಾಯಿತು, ಫಿಲ್ಮು ಆ ಕಡೆಯ ಸುರುಳಿಯಿಂದ ಬಿಡಿಸಿಕೊಂಡಿತು ಅಂದುಕೊಂಡೆ. ಬಾಗಿಲು ಮಾತ್ರ ಇನ್ನೂ ತೆರೆಯುತ್ತಿಲ್ಲ.

ಫಿಲ್ಟರ್ ಚಪ್ಪಲಿಗೆ ಬಗ್ಗಲಿಲ್ಲ, ಇಕ್ಕಳಕ್ಕೆ ಬಗ್ಗಿತು. ಕೆಳಗಿನ ಲೆನ್ಸಿನ ಮರೆ ಒಂದು ಕಡೆ ಸ್ವಲ್ಪ ಚಪ್ಪಟೆಯಾಗಿದೆ. ಗಾಜಿಗೆ ಗೀರಿಲ್ಲ. ಹೊಸ ಸೆಲ್ ಹಾಕಿದೆ, ಮುಳ್ಳು ಅಲುಗಲಿಲ್ಲ. ಈಗ ಮೇಲಿನ ತಗಡು ನಾನೇ ಬಿಚ್ಚಲೇ? ಚಿಕ್ಕ ಸ್ಕ್ರೂಡ್ರೈವರ್ ಸೆಟ್ ಇದೆ.

ಸ್ಕ್ರೂಡ್ರೈವರ್

ಆ ಸೆಟ್ ಎಂಥದು? ಹಳೆಯ ಜಪಾನಿ ಕ್ಯಾಮೆರಾಗಳ ಸ್ಕ್ರೂ ನೋಡಲು ಫಿಲಿಪ್ಸ್ ಥರ ಕಂಡರೂ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯವು. ಫಿಲಿಪ್ಸ್ ತುದಿ ಅದರೊಳಗೆ ಪೂರ್ತಿ ಕೂರುವುದಿಲ್ಲ. ತಿರುಗಿಸಿದಾಗ ಮೇಲಕ್ಕೆ ಜಾರಿ, ತಲೆಯ ಕೂಡುಗೆರೆಯನ್ನು ತಿಂದುಹಾಕುತ್ತದೆ. ಒಮ್ಮೆ ತಲೆ ಸವೆದರೆ ಆಮೇಲೆ ಕೊರೆದು ತೆಗೆಯುವುದೊಂದೇ ದಾರಿ. ಕೆಲವು ಉಂಗುರ, ಮುಚ್ಚಳಗಳು ಉಲ್ಟಾ ಮರೆಯವೂ ಇರುತ್ತವೆ. ಬರ್ತಿಲ್ಲ ಅಂತ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತೀರಿ.

ನಿಮ್ಮ ಕ್ಯಾಮೆರಾದಲ್ಲಿ ಈಗ ಮೂರು ತೊಂದರೆ ಒಂದೇ ಮೂಲೆಯಲ್ಲಿವೆ: ತಗ್ಗು, ಬಾಗಿರಬಹುದಾದ ದಂಡ, ಸತ್ತ ಮೀಟರ್. ಮೊದಲ ಸಲ ಬಿಚ್ಚುವವರು ಇದರಲ್ಲಿ ಕಲಿಯಬಾರದು. ಕಲಿಯಲು ಬಿಡಿಭಾಗಗಳ ಬಾಡಿ ತನ್ನಿ. ಇದನ್ನು ಯಾಂತ್ರಿಕ ಕ್ಯಾಮೆರಾ ಕೆಲಸ ಗೊತ್ತಿರುವವರ ಕೈಗೆ ಕೊಡಿ.

ಐವತ್ತು ಎಂಎಂ

ನಾನು ಒಪ್ಪಲ್ಲ. ನಾನು ಬಿಚ್ಚಿದ ಮೊದಲ ಕ್ಯಾಮೆರಾ ನನ್ನ ಸ್ವಂತ ಕೆ1000. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ. ಸ್ಕ್ರೂಗಳನ್ನು ಎರಡು ಕಡೆ ಅಂಟುವ ಟೇಪಿನ ಮೇಲೆ, ಕ್ಯಾಮೆರಾದಲ್ಲಿ ಇದ್ದ ಜಾಗದ ಪ್ರಕಾರವೇ ಜೋಡಿಸಿ ಇಡುವುದು, ಯಾಕಂದರೆ ಪಕ್ಕಪಕ್ಕದ ಸ್ಕ್ರೂಗಳ ಉದ್ದವೂ ಒಂದೇ ಇರುವುದಿಲ್ಲ. ಇಷ್ಟು ತಾಳ್ಮೆ ಇದ್ದರೆ ಮೇಲಿನ ತಗಡು ದೊಡ್ಡ ವಿಷಯವಲ್ಲ. ಎಲ್ಲದಕ್ಕೂ ರಿಪೇರಿಯವರು ಅಂದರೆ ಅವರ ನಂತರ ಯಾರು? ಒಳ್ಳೆಯ ರಿಪೇರಿಯವರೆಲ್ಲ ವಯಸ್ಸಾದವರೇ.

ಸ್ಕ್ರೂಡ್ರೈವರ್

ಕೆಡದ ಕ್ಯಾಮೆರಾ ಬಿಚ್ಚಿದ್ದೀರಿ, ಅಲ್ವಾ? ಬಿದ್ದ ಕ್ಯಾಮೆರಾ ಬೇರೆ. ಅಲ್ಲಿ ತಗಡು ಹೇಗೆ ಕೂತಿತ್ತೋ ಹಾಗೆ ಇರುವುದಿಲ್ಲ, ಒಳಗಿನ ತಂತಿ ಎಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಾಗುವುದಿಲ್ಲ. ಎತ್ತುವಾಗಲೇ ಹರಿಯುತ್ತದೆ.

ಇನ್ನೊಂದು ಮಾತು, ಇದನ್ನು ಓದುವ ಬೇರೆಯವರಿಗೆ. ಒಳಗೇ ಫ್ಲ್ಯಾಶ್ ಇರುವ ಚಿಕ್ಕ ಕ್ಯಾಮೆರಾಗಳನ್ನು ಇದೇ ಧೈರ್ಯದಲ್ಲಿ ಬಿಚ್ಚಬೇಡಿ. ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರುತ್ತದೆ, ಸೆಲ್ ತೆಗೆದ ಮೇಲೂ. ಕೆ1000ನಲ್ಲಿ ಆ ಭಯ ಇಲ್ಲ.

ಮೂವತ್ತಾರನೇ ಫ್ರೇಮ್

ಕೊನೆಗೆ ರಿಪೇರಿಯವರಿಗೇ ಕೊಟ್ಟೆ. ಹಿರಿಯರು, ಮಾತು ಕಡಿಮೆ. ಪಕ್ಕದಲ್ಲಿ ಕೂತು ನೋಡಲು ಬಿಟ್ಟರು.

ಅವರು ತಗಡನ್ನು ಎತ್ತಿದಾಗ ಕಂಡದ್ದು: ಮೀಟರಿನ ಒಂದು ತಂತಿ ಬೆಸುಗೆಯಿಂದ ಕಿತ್ತು, ತುದಿ ಮೇಲಕ್ಕೆ ನಿಂತಿತ್ತು. ಅಷ್ಟೇ. ಬೆಸುಗೆ ಹಾಕಿದ ತಕ್ಷಣ ಮುಳ್ಳು ಎದ್ದಿತು. ಗುಂಡಿಯ ದಂಡ ತುಸು ಬಾಗಿತ್ತು, ಅವರ ಹತ್ತಿರ ಇದ್ದ ಹಳೆಯ ಬಾಡಿಯಿಂದ ಒಂದು ತೆಗೆದು ಹಾಕಿದರು. ತಗ್ಗನ್ನು ಸುತ್ತಿಗೆಯಿಂದ ಹೊಡೆಯಲಿಲ್ಲ. ತಗಡನ್ನು ಮಗುಚಿ ಚರ್ಮದ ತುಂಡಿನ ಮೇಲೆ ಇಟ್ಟು, ತುದಿ ದುಂಡಗೆ ಮಾಡಿದ ಮರದ ಕಡ್ಡಿಯಿಂದ ಒಳಗಡೆಯಿಂದ ಒತ್ತುತ್ತಾ ಹೋದರು. ತಗ್ಗಿನ ನಡುವಿಗೆ ಕೈ ಹಾಕಲಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತು ಬರುತ್ತಿದ್ದರು. ಗುಂಡಿಗೆ ತಾಗದಷ್ಟು ಎದ್ದ ಮೇಲೆ ನಿಲ್ಲಿಸಿದರು. "ಇನ್ನೂ ಎತ್ತಿದರೆ ಕ್ರೋಮ್ ಬಿರುಕು ಬಿಡುತ್ತೆ, ಸಾಕು" ಅಂದರು. ಗುರುತು ಉಳಿದಿದೆ, ನನಗೆ ಪರವಾಗಿಲ್ಲ.

ಆದರೆ ಮನೆಗೆ ಬಂದು ನೋಡಿದರೆ ದೂರದ ಮರ ಇನ್ನೂ ಮಂಜು. ಇದನ್ನು ಅವರಿಗೆ ಹೇಳುವುದೇ ಮರೆತಿದ್ದೆ.

ಹಳೇಲೆನ್ಸ್

ನೋಡಿದ್ರಾ, ಇದಕ್ಕೇ ಹೇಳಿದ್ದು. ಬಿದ್ದ ಕ್ಯಾಮೆರಾ ಒಂದು ಸರಿ ಮಾಡಿದರೆ ಇನ್ನೊಂದು. ಲೆನ್ಸ್ ಕೂರುವ ಉಂಗುರವೇ ಬಾಗಿರಬೇಕು.

ಸ್ಕ್ರೂಡ್ರೈವರ್

ಊಹೆ ಬೇಡ, ಅಳೆದು ನೋಡಿ. ಈ ತೊಂದರೆ ಮೂರು ಕಡೆ ಇರಬಹುದು: ಲೆನ್ಸ್, ಲೆನ್ಸ್ ಕೂರುವ ಉಂಗುರ, ಇಲ್ಲವೇ ವ್ಯೂಫೈಂಡರಿನ ದಾರಿ. ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡುವ) ಕ್ಯಾಮೆರಾದಲ್ಲಿ ಬೆಳಕಿಗೆ ಎರಡು ದಾರಿ. ಕನ್ನಡಿ ಕೆಳಗಿದ್ದಾಗ ಅದಕ್ಕೆ ತಾಗಿ ಮೇಲಿನ ಮಸುಕು ಗಾಜಿಗೆ ಹೋಗುತ್ತದೆ. ಕನ್ನಡಿ ಎದ್ದಾಗ ನೇರ ಫಿಲ್ಮಿಗೆ. ಎರಡೂ ದಾರಿಯ ಉದ್ದ ಒಂದೇ ಇರಬೇಕು. ಪೆಂಟಾಕ್ಸ್ ಕೆ ಮೌಂಟಿನಲ್ಲಿ (ಲೆನ್ಸ್ ಸಿಕ್ಕಿಸುವ ವ್ಯವಸ್ಥೆ) ಉಂಗುರದ ಮುಖದಿಂದ ಫಿಲ್ಮಿಗೆ 45.46 ಮಿ.ಮೀ. ಅದಕ್ಕೇ ಉಂಗುರದ ಸ್ಕ್ರೂಗಳನ್ನು ಸುಮ್ನೆ ಬಿಚ್ಚಬಾರದು. ಕೆಳಗೆ ಕಾಗದದಷ್ಟು ತೆಳ್ಳಗಿನ ತಗಡಿನ ಬಿಲ್ಲೆಗಳಿದ್ದರೆ ಅವು ಜಾಗ ತಪ್ಪುತ್ತವೆ.

ಮೊದಲ ಪರೀಕ್ಷೆ: ಇನ್ನೊಂದು ಕೆ ಮೌಂಟ್ ಲೆನ್ಸ್ ಹಾಕಿ. 1975ರಿಂದ ಅದೇ ಮೌಂಟ್, ಯಾರ ಹತ್ತಿರವಾದರೂ ಇರುತ್ತದೆ. ಅಪರ್ಚರ್ ಉಂಗುರ ಇರುವ ಹಳೆಯ ಲೆನ್ಸೇ ಆಗಲಿ. ಅದರಲ್ಲಿ ದೂರ ಸ್ಪಷ್ಟವಾಗಿ ಕಂಡರೆ ದೋಷ ನಿಮ್ಮ ಲೆನ್ಸಿನದು. ಅದೂ ಮಂಜಾದರೆ ಬಾಡಿಯದು.

ಎರಡನೆಯದು: ಬಾಗಿಲು ತೆರೆದು, ಫಿಲ್ಮು ಕೂರುವ ಜಾಗದಲ್ಲಿ ಮಸುಕು ಗಾಜಿನ ತುಂಡು ಇಡಿ. ಮಸುಕು ಮುಖ ಲೆನ್ಸಿನ ಕಡೆಗೆ. ಅಲ್ಲಿ ಎರಡು ಜೊತೆ ಹಳಿಗಳಿವೆ, ಗಾಜು ಒಳಗಿನ ಜೊತೆಯ ಮೇಲೆ ಕೂರಬೇಕು. ಹೊರಗಿನ ಹಳಿಗಳ ಮೇಲೆ ಇಟ್ಟರೆ ಅಳತೆ ತಪ್ಪುತ್ತದೆ. ಶಟರನ್ನು ಬಿ ಗೆ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತು) ಇಟ್ಟು, ಲಾಕ್ ಆಗುವ ಶಟರ್ ಕೇಬಲಿನಿಂದ ತೆರೆದಿಡಿ. ಎಫ್/2ರಲ್ಲಿ ದೂರದ ಮರ ನೋಡಿ. ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಚೆನ್ನಾಗಿ ಕಾಣುತ್ತದೆ. ತಲೆಕೆಳಗಾಗಿ ಕಾಣುತ್ತೆ, ಗಾಬರಿ ಬೇಡ.

ಕತ್ತಲಕೋಣೆ

ಬಾಗಿಲು ತೆರೆದಾಗಲೇ ಶಟರನ್ನೂ ನೋಡಿಬಿಡಿ. ಲೆನ್ಸ್ ತೆಗೆದು, ಬಿಳಿ ಗೋಡೆಯ ಬೆಳಕಿಗೆ ಹಿಡಿದು 1/1000ದಲ್ಲಿ ಹೊಡೆಯಿರಿ. ಹಿಂದಿನಿಂದ ನೋಡಿದಾಗ ಇಡೀ ಚೌಕ ಮಿಂಚಬೇಕು. ಬಟ್ಟೆಯ ಪರದೆ ಅಡ್ಡಕ್ಕೆ ಓಡುತ್ತದೆ, ಹಾಗಾಗಿ ಒಂದು ಪಕ್ಕ ಕಪ್ಪು ಉಳಿದರೆ ಎರಡನೇ ಪರದೆ ಮೊದಲನೆಯದನ್ನು ಹಿಂದಿನಿಂದ ಹಿಡಿಯುತ್ತಿದೆ ಎಂದು. 1 ಸೆಕೆಂಡಿಗೆ ಇಟ್ಟು ಶಬ್ದ ಕೇಳಿ. ಗೇರಿನ ಗುಂಯ್ ಶಬ್ದ ನಡುವೆ ನಿಲ್ಲಬಾರದು.

ಮೂವತ್ತಾರನೇ ಫ್ರೇಮ್

ಮಾಡಿದೆ. ಮಸುಕು ಗಾಜು ಸಿಗಲಿಲ್ಲ. ಒಂದು ಸಪೂರ ಗಾಜಿನ ಪಟ್ಟಿಗೆ ಹಾಲುಬಣ್ಣದ ಅಂಟುಟೇಪು ಹಚ್ಚಿದೆ, ಕೆಲಸಕ್ಕೆ ಬಂತು. ಶಟರ್ ಚೆನ್ನಾಗಿದೆ.

ಗೆಳೆಯನ 28 ಮಿ.ಮೀ. ಲೆನ್ಸ್ ಹಾಕಿದರೂ ವ್ಯೂಫೈಂಡರಿನಲ್ಲಿ ದೂರ ಮಂಜು. ಅಂದರೆ ಬಾಡಿ ಅಂತ ಎದೆ ಧಸಕ್ ಅಂದಿತು. ಆದರೆ ಹಿಂದಿನ ಗಾಜಿನಲ್ಲಿ ಎರಡೂ ಲೆನ್ಸಿನಲ್ಲಿ ಮರ ಚೆನ್ನಾಗಿ ಕಂಡಿತು, ಸರಿಯಾಗಿ ಲೆನ್ಸಿನ ಅನಂತದ (ಬಹು ದೂರದ) ಗುರುತಿನ ಮೇಲೇ! ಎಲೆಗಳ ನಡುವಿನ ಆಕಾಶದ ಚುಕ್ಕೆಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಇನ್ನೊಂದು ವಿಚಿತ್ರ. ಗೋಡೆಗೆ ಪೇಪರ್ ಅಂಟಿಸಿ ವ್ಯೂಫೈಂಡರಿನಲ್ಲಿ ನೋಡಿದರೆ ಲೆನ್ಸನ್ನು ಒಂದು ಕಡೆ ತಿರುಗಿಸಿದಾಗ ಮೇಲಿನ ಸಾಲುಗಳು ಸ್ಪಷ್ಟ, ಇನ್ನೊಂದು ಕಡೆ ತಿರುಗಿಸಿದಾಗ ಕೆಳಗಿನ ಸಾಲುಗಳು ಸ್ಪಷ್ಟ. ಎರಡೂ ಒಟ್ಟಿಗೆ ಬರಲ್ಲ.

ಸ್ಕ್ರೂಡ್ರೈವರ್

ಹಾಗಾದರೆ ನೆಮ್ಮದಿಯಾಗಿರಿ. ಲೆನ್ಸ್ ಚೆನ್ನಾಗಿದೆ, ಉಂಗುರ ಚೆನ್ನಾಗಿದೆ, ಫಿಲ್ಮಿನ ದಾರಿ ಚೆನ್ನಾಗಿದೆ. ಕಣ್ಣಿಗೆ ತೋರಿಸುವ ದಾರಿ ಮಾತ್ರ ಸುಳ್ಳು ಹೇಳುತ್ತಿದೆ. ಮೇಲೆ ಕೆಳಗೆ ಬೇರೆ ಬೇರೆ ಅಂದರೆ ಕನ್ನಡಿ ಓರೆ. ಅದು ಸರಿಯಾಗಿ 45 ಡಿಗ್ರಿಗೆ ಇಳಿದು ಕೂರುತ್ತಿಲ್ಲ.

ಲೆನ್ಸ್ ತೆಗೆದು, ಟಾರ್ಚ್ ಹಿಡಿದು, ಕನ್ನಡಿಯ ಚೌಕಟ್ಟು ತಾಗಿ ನಿಲ್ಲುವ ಜಾಗ ನೋಡಿ. ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಆನಿಕೆ ಇರುತ್ತದೆ. ಏನಾದರೂ ಸಿಕ್ಕಿಕೊಂಡಿದೆಯಾ? ಕನ್ನಡಿಯ ಮುಖ ಮುಟ್ಟಬೇಡಿ. ಇದರ ಬೆಳ್ಳಿಲೇಪ ಗಾಜಿನ ಮುಂಭಾಗದಲ್ಲೇ ಇರುತ್ತದೆ, ಬೆರಳು ಸವರಿದರೆ ಗೀರು ಬೀಳುತ್ತದೆ.

ಮೂವತ್ತಾರನೇ ಫ್ರೇಮ್

ಸಿಕ್ಕಿತು! ಆನಿಕೆಯ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಮುದ್ದೆ. ಹಲ್ಲುಕಡ್ಡಿಯಿಂದ ಮುಟ್ಟಿದರೆ ಟಾರಿನ ಹಾಗೆ ಅಂಟಿಕೊಂಡು ನೂಲಿನಂತೆ ಎಳೆಯಿತು. ಮೇಲೆ ನೋಡಿದರೆ, ಕನ್ನಡಿ ಎದ್ದಾಗ ತಾಗುವ ಸ್ಪಂಜಿನ ಪಟ್ಟಿ ಅರ್ಧ ಕರಗಿದೆ. ಅದರದೇ ತುಂಡು ಬಿದ್ದ ಏಟಿಗೆ ಕಳಚಿ ಇಲ್ಲಿ ಕೂತಿದೆ.

ಅದನ್ನು ತೆಗೆದ ಮೇಲೆ ಕನ್ನಡಿ ಇಳಿಯುವ ಶಬ್ದವೇ ಬದಲಾಯಿತು. ಪೇಪರಿನ ಎಲ್ಲಾ ಸಾಲು ಒಟ್ಟಿಗೆ ಸ್ಪಷ್ಟ.

ಐವತ್ತು ಎಂಎಂ

ರಿಪೇರಿಗೆ ಕೊಡಬೇಕಾದದ್ದು ಕೊಟ್ಟಿರಿ, ಹಲ್ಲುಕಡ್ಡಿಯದ್ದು ನೀವೇ ಮಾಡಿದಿರಿ. ನನ್ನ ವಾದ ಅರ್ಧ ಗೆದ್ದಿತು ಅಂತ ಬರೆದುಕೊಳ್ಳುತ್ತೇನೆ.

ಮಿಣುಕು

ಆ ಸ್ಪಂಜು ಪೂರ್ತಿ ಬದಲಾಯಿಸಿ, ಇಲ್ಲದಿದ್ದರೆ ಮತ್ತೆ ಉದುರುತ್ತೆ. ಹಿಂಬಾಗಿಲಿನ ಸಂದಿಯಲ್ಲೂ, ಬಿಜಾಗರಿಯ ಹತ್ತಿರವೂ ಅದೇ ಸ್ಪಂಜು ಇರುತ್ತದೆ, ಅದೂ ಕರಗಿರುತ್ತದೆ. ಹಳೆಯದನ್ನು ಮರದ ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಚ್ಚಿ ಒರೆಸಿ. ಕೆರೆಯುವಾಗ ಶಟರ್ ಪರದೆಯ ಮೇಲೆ ಪುಡಿ ಬೀಳದಂತೆ ಕಾಗದ ಅಡ್ಡ ಇಡಿ, ಪರದೆಗೆ ತಾಗಿಸದೆ. ಕಿರಿದಾದ ಸಂದಿಗೆ ಕಪ್ಪು ಉಣ್ಣೆ ನೂಲು ಕೂರಿಸಿದರೂ ಬೆಳಕು ನಿಲ್ಲುತ್ತದೆ, ಕರಗುವುದೂ ಇಲ್ಲ. ಕನ್ನಡಿಯ ಪಟ್ಟಿಗೆ ಮಾತ್ರ ತೆಳು ಸ್ಪಂಜೇ ಹಾಕಿ. ದಪ್ಪ ಹಾಕಿದರೆ ಕನ್ನಡಿ ಪೂರ್ತಿ ಏಳಲ್ಲ, ಚಿತ್ರದ ಒಂದು ಅಂಚು ಕತ್ತಲಾಗುತ್ತೆ.

ಮೂವತ್ತಾರನೇ ಫ್ರೇಮ್

ಮಾಡಿದೆ. ಒಂದು ಪರೀಕ್ಷೆ ರೀಲು ಓಡಿಸಿ ತೊಳೆಸಿದೆ. ಇಟ್ಟಿಗೆ ಗೋಡೆಗೆ ನೇರ ನಿಂತು ಎಫ್/2ರಲ್ಲಿ ತೆಗೆದದ್ದರಲ್ಲಿ ನಾಲ್ಕೂ ಮೂಲೆ ಒಂದೇ ಥರ ಇವೆ. ಲೆನ್ಸಿನ ಒಳಗಿನ ಗಾಜು ಜರುಗಿಲ್ಲ ಅಂದುಕೊಳ್ಳಬಹುದೇ?

ಸ್ಕ್ರೂಡ್ರೈವರ್

ಅಂದುಕೊಳ್ಳಬಹುದು. ಜರುಗಿದ್ದರೆ ಒಂದು ಪಕ್ಕ ಮಾತ್ರ ಕರಗಿದ ಹಾಗೆ ಕಾಣುತ್ತಿತ್ತು. ಲೆನ್ಸಿನ ಚಪ್ಪಟೆಯಾದ ಮರೆಯನ್ನು ಹಾಗೇ ಬಿಡಿ. ಫಿಲ್ಟರ್ ಬದಲು 49 ಮಿ.ಮೀ. ತಳ್ಳಿ ಕೂರಿಸುವ ಮುಚ್ಚಳ ಸಾಕು.

ಕತ್ತಲಕೋಣೆ

ಅದು ಸರಿ, ಮೊದಲ ರೀಲು ಏನಾಯಿತು?

ಮೂವತ್ತಾರನೇ ಫ್ರೇಮ್

ಬಂತು. ಬಿದ್ದಾಗ ತೆರೆದಿದ್ದ ಫ್ರೇಮಿನ ಪಕ್ಕ ಒಂದು ಕಿತ್ತಳೆ ಬೆಳಕಿನ ಗೆರೆ ಬಿಟ್ಟರೆ ಎಲ್ಲವೂ ಇವೆ. ಬಾಗಿಲಿನ ಕರಗಿದ ಸ್ಪಂಜಿನಿಂದಲೇ ಇರಬೇಕು.

ಹೊಸಬ

ನಡುವೆ ಬಂದೆ, ಕ್ಷಮಿಸಿ. ನನ್ನದು ಕ್ಯಾನನ್ ಎಇ-1, ಅದೂ ಬಿದ್ದಿದೆ. ಶಟರೇ ಹೊಡೆಯುತ್ತಿಲ್ಲ. ಇದೇ ಕ್ರಮ ಅನುಸರಿಸಲೇ?

ಸ್ಕ್ರೂಡ್ರೈವರ್

ರೀಲಿನ ವಿಷಯಕ್ಕೆ ಹೌದು. ಉಳಿದದ್ದಕ್ಕೆ ಇಲ್ಲ. ಎಇ-1ರ ಶಟರ್ ವಿದ್ಯುತ್ತಿನ ಮೇಲೆ ನಡೆಯುತ್ತದೆ, ಬ್ಯಾಟರಿ ಇಲ್ಲದೆ ಹೊಡೆಯುವುದೇ ಇಲ್ಲ. ಮೊದಲು ಹೊಸ 6 ವೋಲ್ಟ್ ಬ್ಯಾಟರಿ ಹಾಕಿ, ಅದರ ಮುಚ್ಚಳ ಬಿದ್ದಾಗ ಮುರಿದಿದೆಯಾ ನೋಡಿ. ಆಮೇಲೂ ಹೊಡೆಯದಿದ್ದರೆ ಬೇರೆ ಚರ್ಚೆ ಶುರು ಮಾಡಿ, ಎಲ್ಲಾ ಲಕ್ಷಣ ಬರೆಯಿರಿ.